ಕಕ್ಕೆಯಲ್ಲದ ಹಳದಿ ಹೂವು

ಮಳೆಗಾಲ ಹಿಂದೆ ಸರಿಯುವ ಹೊತ್ತಿಗೆ ಬೆಂಗಳೂರಿನ ಹಳೆಯ ಉದ್ಯಾನಗಳಲ್ಲಿ, ರಸ್ತೆಬದಿಗಳಲ್ಲಿ ಮರವೊಂದು ಹಳದಿ ಹೂಗೊಂಚಲು ಹೊತ್ತು ನಿಲ್ಲುತ್ತದೆ. ನೋಡಿದವರು ಕಕ್ಕೆ ಎಂದು ಹೇಳಿ ಮುಂದೆ ಸಾಗುತ್ತಾರೆ. ಅದೇ ಹಳದಿ ಇಂದು ಬಂಡೀಪುರ, ನಾಗರಹೊಳೆಯ ಕಾಡುಗಳೊಳಗೂ ಅರಳುತ್ತಿದೆ. ಅಲ್ಲಿ ಈ ತಪ್ಪು ಗುರುತಿಗೆ ತೆರಬೇಕಾದ ಬೆಲೆ ದೊಡ್ಡದು.

ಅದು ಸೆನ್ನಾ ಸ್ಪೆಕ್ಟಾಬಿಲಿಸ್. ಮೂಲ ಅಮೆರಿಕದ ಉಷ್ಣವಲಯ. ನೆರೆಯ ವಯನಾಡಿನಲ್ಲಿ 1980ರ ದಶಕದಲ್ಲಿ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ಇದನ್ನು ನೆಡಲಾಯಿತು. ಮಲಯಾಳಿಗಳು ಇದನ್ನು ಮಂಜಕ್ಕೊನ್ನ ಎನ್ನುತ್ತಾರೆ. ಕೊನ್ನ ಎಂದರೆ ಕಕ್ಕೆಯೇ. ಗೊಂದಲ ಹೆಸರಿನಲ್ಲಿಯೇ ಸೇರಿಕೊಂಡಿದೆ. ಇದರ ದಟ್ಟ ನೆರಳಿನಡಿ ಹುಲ್ಲು ಬೆಳೆಯುವುದಿಲ್ಲ. ಸೊಪ್ಪನ್ನು ಜಿಂಕೆ, ಆನೆ, ದನಗಳು ಮುಟ್ಟುವುದು ಅಪರೂಪ.

ಕಕ್ಕೆ ಅರಳುವುದು ಬೇಸಗೆಯಲ್ಲಿ, ಬಹುಪಾಲು ಎಲೆ ಉದುರಿಸಿಕೊಂಡ ಮೇಲೆ. ಅದರ ಹೂಮಾಲೆಗಳು ದೀಪದ ಸರದಂತೆ ಕೆಳಕ್ಕೆ ಇಳಿಬೀಳುತ್ತವೆ. ಸೆನ್ನಾದ ಗೊಂಚಲು ಹಸಿರೆಲೆಗಳ ನಡುವೆ ಕೊಂಬೆಯ ತುದಿಯಲ್ಲಿ ಮೇಲ್ಮುಖವಾಗಿ ನಿಲ್ಲುತ್ತದೆ. ಹೂವಿಲ್ಲದಾಗ ಎಲೆಯನ್ನು ನೋಡಬೇಕು. ಕಕ್ಕೆಯ ಎಲೆಯಲ್ಲಿ 4ರಿಂದ 8 ಜೋಡಿ ಕಿರುಎಲೆಗಳು, ಒಂದೊಂದೂ ಅಂಗೈಯಷ್ಟು ಉದ್ದ. ಸೆನ್ನಾದಲ್ಲಿ ಸಾಮಾನ್ಯವಾಗಿ 10ರಿಂದ 15 ಜೋಡಿ, ಚಿಕ್ಕವು, ಅಡಿಭಾಗದಲ್ಲಿ ನವಿರಾದ ರೋಮ. ಮನೆಮದ್ದಿಗೆ ಬಳಸುವ ಕಪ್ಪು ತಿರುಳಿನ, ಒಂದೆರಡು ಅಡಿ ಉದ್ದದ ಕಾಯಿ ಕಕ್ಕೆಯದು. ಸೆನ್ನಾದ ಕಾಯಿ ಅದಕ್ಕಿಂತ ಗಿಡ್ಡ, ಸಪೂರ. ಸೀಮೆ ತಂಗಡಿಯೂ ಹಳದಿ ಹೂವಿನ ಪರದೇಶಿಯೇ, ಆದರೆ ಅದರ ಕಾಯಿ ಚಪ್ಪಟೆ.

ಹೊರನಾಡಿನದೆಂಬ ಒಂದೇ ಕಾರಣಕ್ಕೆ ಮರವನ್ನು ದೂಷಿಸುವುದು ಸಲ್ಲದು. ಬಸವನಗುಡಿ, ಮಲ್ಲೇಶ್ವರದ ಬೀದಿಗಳಿಗೆ ನೆರಳಿತ್ತ ಗುಲ್‌ಮೊಹರ್, ಜಕರಂದಗಳೂ ದೂರದಿಂದ ಬಂದವೇ. ಡಾಂಬರಿನ ನಡುವೆ ಬಿದ್ದ ಬೀಜಕ್ಕೆ ಹೋಗಲು ಎಡೆಯಿಲ್ಲ. ಕಾಡಿನಂಚಿನಲ್ಲಿ ಎಡೆ ಧಾರಾಳ. ಊರಿಗೆ ಒಪ್ಪುವ ಸಸಿಯನ್ನು ವನಮಹೋತ್ಸವದ ಉತ್ಸಾಹದಲ್ಲಿ ಕಾಡಿನ ಮಗ್ಗುಲಿಗೆ ಒಯ್ದದ್ದು ಮನುಷ್ಯನ ತಪ್ಪು, ಮರದ್ದಲ್ಲ.

ಈಗ ತೆರವಿನ ಮಾತು ಎಲ್ಲೆಡೆ ಕೇಳುತ್ತಿದೆ. ಕೊಡಲಿಯೊಂದನ್ನೇ ನಂಬಿದರೆ ಕೆಲಸ ಕೆಡುತ್ತದೆ: ಕಡಿದ ಬುಡದಿಂದ ಹತ್ತಾರು ಚಿಗುರು ಏಳುತ್ತವೆ. ವಯನಾಡಿನಲ್ಲಿ ಬುಡದ ತೊಗಟೆ ಸುಲಿದು ನಿಂತಲ್ಲೇ ಒಣಗಿಸುವ ಕ್ರಮವನ್ನು ಪ್ರಯೋಗಿಸಲಾಗಿದೆ. ಹಳದಿ ಹೂವೆಂಬ ಒಂದೇ ಗುರುತಿನಿಂದ ಹೊರಟರೆ ಸೆನ್ನಾದ ಜೊತೆಗೆ ಕಕ್ಕೆಯೂ ಉರುಳುವ ಅಪಾಯವುಂಟು. ಆದುದರಿಂದ ತೆರವಿನ ತಂಡದಲ್ಲಿ ಕಕ್ಕೆಯನ್ನು ಬಾಲ್ಯದಿಂದ ಬಲ್ಲ ಊರಿನ ಹಿರಿಯರೊಬ್ಬರು ಇರಲೇಬೇಕು. ವಿದ್ಯಾರ್ಥಿಗಳು ಮೊದಲ ಮಳೆಗೆ ಹುಟ್ಟುವ ಎಳೆ ಸಸಿಗಳನ್ನು ಎಲೆ ಎಣಿಸಿ ಗುರುತಿಸುವುದನ್ನು ಕಲಿತರೆ, ನೆಲ ಹಸಿಯಿರುವಾಗಲೇ ಬೇರುಸಹಿತ ಕೈಯಿಂದ ಕೀಳಬಹುದು.