ಸಿರಿವಂತರ ದಾನ ಮತ್ತು ಸಮಾಜದ ಹಕ್ಕು

ಸುವರ್ಣ ಮಹೋತ್ಸವದ ಈ ಸಂಚಿಕೆಗಾಗಿ ನಮ್ಮ ಶಾಲೆಯ ದಾನಿಗಳನ್ನು ಕುರಿತು ನಾಲ್ಕು ಮಾತು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಅಪ್ಪಣೆ ಮಾಡಿದ್ದಾರೆ. ದಾನಿಗಳ ಉಪಕಾರವನ್ನು ನಾನು ಮರೆತವನಲ್ಲ. ಆದರೆ ಅಪಾರ ಸಂಪತ್ತು ಒಬ್ಬನ ದುಡಿಮೆಯ ಫಲ, ಅದರಿಂದ ಅವನು ಕೊಟ್ಟಷ್ಟಕ್ಕೆ ಸಮಾಜ ಕೃತಜ್ಞವಾಗಿದ್ದರೆ ಸಾಕು ಎಂದು ಸಭೆಗಳಲ್ಲಿ ಕೇಳಿಬರುವ ಮಾತನ್ನು ಒಪ್ಪಲಾರೆ.

ಅತ್ಯುತ್ತಮ ನಿದರ್ಶನವನ್ನೇ ತೆಗೆದುಕೊಳ್ಳೋಣ. 1945ರಲ್ಲಿ ನಮ್ಮ ಮಹಾರಾಷ್ಟ್ರದ ಅಮಳನೇರದಲ್ಲಿ ವನಸ್ಪತಿ ತಯಾರಿಕೆಗೆಂದು ಹುಟ್ಟಿದ ಕಂಪನಿಯೇ ಇಂದಿನ ವಿಪ್ರೊ. 1966ರಲ್ಲಿ ತಂದೆಯವರ ನಿಧನಾನಂತರ ಅದರ ಹೊಣೆ ಹೊತ್ತ ಅಜೀಂ ಪ್ರೇಮ್‌ಜಿಯವರು ಅದನ್ನು ಕಂಪ್ಯೂಟರ್ ಕ್ಷೇತ್ರಕ್ಕೆ ಒಯ್ದರು. 2019ರ ವೇಳೆಗೆ ಅವರು ತಮ್ಮ ಪ್ರತಿಷ್ಠಾನಕ್ಕೆ ಮೀಸಲಿಟ್ಟದ್ದು ಸುಮಾರು 1.45 ಲಕ್ಷ ಕೋಟಿ ರೂಪಾಯಿ. ಗಡಿಯಾಚೆ ಯಾದಗಿರಿಯ ಸರಕಾರಿ ಶಾಲೆಗಳಲ್ಲಿ ಆ ಪ್ರತಿಷ್ಠಾನ ಮಾಡುತ್ತಿರುವ ಕೆಲಸಕ್ಕೆ ಶಿಕ್ಷಕನಾದ ನಾನು ತಲೆಬಾಗುತ್ತೇನೆ. ಆದರೂ ಆ ಐಶ್ವರ್ಯದಲ್ಲಿ ಎಷ್ಟು ಜನರ ಕಾಯಕ ಬೆರೆತಿದೆ! ಎಂಜಿನಿಯರರ ವಿದ್ಯೆಗೆ ಸಾರ್ವಜನಿಕ ಹಣವೂ ವೆಚ್ಚವಾಗಿದೆ. ಸಾಫ್ಟ್‌ವೇರ್ ರಫ್ತಿನ ಲಾಭಕ್ಕೆ 2011ರವರೆಗೂ ಆದಾಯ ತೆರಿಗೆಯಲ್ಲಿ ದೊಡ್ಡ ರಿಯಾಯಿತಿಯಿತ್ತು. ಹಾಗೆ ಬಿಟ್ಟುಕೊಟ್ಟ ತೆರಿಗೆ ನಮ್ಮೆಲ್ಲರದು.

ಎಲ್ಲ ಸಿರಿವಂತರೂ ಪ್ರೇಮ್‌ಜಿಯವರಲ್ಲ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ. ಕೊಡದವರಿಂದ ಪಡೆಯುವ ದಾರಿ ಯಾವುದು? ಪಿತ್ರಾರ್ಜಿತ ಆಸ್ತಿಯ ಮೇಲಿನ ಎಸ್ಟೇಟ್ ಸುಂಕವನ್ನು 1985ರಲ್ಲಿ ತೆಗೆದರು. ವಸೂಲಿ ಅಲ್ಪ, ಖರ್ಚು ಅಧಿಕ ಎಂದು 2015ರಲ್ಲಿ ಸಂಪತ್ತಿನ ತೆರಿಗೆಯನ್ನೂ ರದ್ದುಪಡಿಸಿದರು. ಪಾಠ ಒಪ್ಪಿಸದ ಹುಡುಗನನ್ನು ತಿದ್ದುವ ಬದಲು ಪಾಠವನ್ನೇ ಪುಸ್ತಕದಿಂದ ಹರಿದಂತಾಯಿತು.

1972ರ ಭೀಕರ ಬರವನ್ನು ಅಕ್ಕಲಕೋಟೆ ಸೀಮೆಯ ಹಿರಿಯರು ಮರೆತಿರಲಾರರು. ಅನಂತರ 1975ರಲ್ಲಿ ಮಹಾರಾಷ್ಟ್ರ ಸರಕಾರವು ‘ರೋಜಗಾರ ಹಮಿ’ ಯೋಜನೆಗೆಂದು ವೃತ್ತಿ ತೆರಿಗೆ ವಿಧಿಸಿ, ಅದಕ್ಕೆ ತನ್ನ ಪಾಲನ್ನೂ ಸೇರಿಸಿತು. ನನ್ನ ಅಲ್ಪ ಸಂಬಳದಲ್ಲೂ ಅದು ಕಡಿತವಾಗುತ್ತಿತ್ತು. ನಾನೂ ಗೊಣಗಿದವನೇ! ಮಳೆ ಕೈಕೊಟ್ಟ ವರ್ಷಗಳಲ್ಲಿ ನಮ್ಮ ವಿದ್ಯಾರ್ಥಿಗಳ ತಾಯಂದಿರು ಅದೇ ಯೋಜನೆಯ ರಸ್ತೆ ಕೆಲಸದಲ್ಲಿ ಜಲ್ಲಿ ಒಡೆದರು. ಶನಿವಾರದ ಬಟವಾಡೆ ಕೈಗೆ ಬಂದಾಗ ಅವರು ಯಾರ ಪಾದಕ್ಕೂ ಎರಗಬೇಕಾಗಿರಲಿಲ್ಲ, ಯಾರ ಹೆಸರನ್ನೂ ಕಲ್ಲಿನಲ್ಲಿ ಕೆತ್ತಬೇಕಾಗಿರಲಿಲ್ಲ. ಮರು ಸೋಮವಾರ ಅವರ ಮಕ್ಕಳು ಹೊಸ ಪಾಟಿ ಹಿಡಿದು ಶಾಲೆಗೆ ಬಂದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಶಾಲೆಯ ಮೊದಲ ಎರಡು ಕೋಣೆಗಳಿಗೆ ಆ ತಾಯಂದಿರೂ ಒಂದೊಂದು ರೂಪಾಯಿ ವಂತಿಗೆ ಕೊಟ್ಟಿದ್ದರು. ಹಳೆಯ ಪಾವತಿ ಪುಸ್ತಕ ನನ್ನಲ್ಲಿದೆ. ಆದ್ದರಿಂದ ಈ ಸಂಚಿಕೆಯ ದಾನಿಗಳ ಪಟ್ಟಿಯಲ್ಲಿ ಅವರ ಹೆಸರುಗಳನ್ನೂ ಸೇರಿಸಿ, ಮೊತ್ತವನ್ನು ಕಾಣಿಸದೆ, ಎಲ್ಲವನ್ನೂ ಅಕಾರಾದಿಯಾಗಿ ಅಚ್ಚು ಹಾಕಿಸಬೇಕೆಂದು ಸಂಪಾದಕರನ್ನು ವಿನಂತಿಸಿಕೊಂಡಿದ್ದೇನೆ.