ಸೈಲೆನ್ಸರ್ ಬದಲಿಸೋ ಮುಂಚೆ ಹಳೇದು ಎಲ್ಲಿಗೆ ಹೋಗುತ್ತೆ ಅಂತ ಕೇಳಿ

ಈ ಸಲ ಹೊಲದ ವಿಷಯ ಅಲ್ಲ, ಗಾಡಿ ವಿಷಯ. ಬೇಡ ಅನ್ನೋರು ಮುಂದಿನ ವಾರ ಬನ್ನಿ, ತೆಂಗಿನ ಬುಡಕ್ಕೆ ಹೊದಿಕೆ ಹಾಕಿದ್ದರ ಲೆಕ್ಕ ಕೊಡ್ತೀನಿ. ಆದ್ರೆ ನಮ್ಮ ಕಡೆ ಎಷ್ಟೋ ಮನೆ ಮುಂದೆ ಹಳೇ ಪೆಟ್ರೋಲ್ ವ್ಯಾನ್ ನಿಂತಿರುತ್ತೆ, ಅದಕ್ಕೇ ಬರೀತಿದ್ದೀನಿ.

ನಮ್ಮದು ಬಿಎಸ್-4 ಕಾಲದ ವ್ಯಾನು. ತಿಪಟೂರಿಗೆ ಕಾಯಿ ಹಾಕ್ಕೊಂಡು ಹೋಗೋದು, ಸಂತೆಗೆ ತರಕಾರಿ, ಅವ್ವನನ್ನ ಆಸ್ಪತ್ರೆಗೆ, ಎಲ್ಲಾ ಅದರಲ್ಲೇ. ದೀಪಾವಳಿ ಹೊತ್ತಿಗೆ ಹಿಂದಿನ ಡಬ್ಬಿ ಹತ್ತಿರ ಸೈಲೆನ್ಸರ್ ತುಕ್ಕು ಹಿಡಿದು ಮುರೀತು. ಸದ್ದು ಟ್ರ್ಯಾಕ್ಟರ್‌ದು. ಪೇಟೆಯ ಒಂದು ಅಂಗಡಿಗೆ ಬಿಟ್ಟೆ. ಕೆಳಗೆ ತೂರಿ ನೋಡಿದ ಹುಡುಗ, "ಅಣ್ಣ, ಮುಂದಿನ ಕ್ಯಾಟೂ ಕಟ್ಕೊಂಡಿದೆ. ಹೊಸದು ನಿಮಗ್ಯಾಕೆ, ಅದನ್ನ ತೆಗೆದು ಖಾಲಿ ಪೈಪ್ ವೆಲ್ಡ್ ಮಾಡ್ತೀನಿ, ಎಳೆಯೋದೂ ಚೆನ್ನಾಗಾಗುತ್ತೆ" ಅಂದ. ಹೊಸದರ ರೇಟ್ ಕೇಳಿದ್ರೆ ನಮ್ಮ ಎರಡು ಹಸುವಿನ ಎರಡು ತಿಂಗಳ ಹಾಲಿನ ದುಡ್ಡು. ಹೂಂ ಅಂದುಬಿಟ್ಟೆ. ಅಲ್ಲಿ ತಪ್ಪು ನಂದೂ ಇದೆ.

ವಾರದೊಳಗೆ ಮೀಟರ್ ಪಕ್ಕ ಇಂಜಿನ್ ಚಿತ್ರದ ಹಳದಿ ಲೈಟ್ ಹತ್ತಿತು. ಮೈಲೇಜ್ ಇಳೀತು. ಹೊಗೆ ತಪಾಸಣೆಗೆ ಹೋದ್ರೆ ಫೇಲ್. ನಮ್ಮಂಥ ಗಾಡಿಗೆ ಕಾರ್ಬನ್ ಮಾನಾಕ್ಸೈಡ್ 0.3 ಪರ್ಸೆಂಟ್ ದಾಟಬಾರದು, ನಂದು ಎಲ್ಲೋ ಹೋಗಿತ್ತು. ವಾಪಸ್ ಅದೇ ಅಂಗಡಿಗೆ ಹೋದೆ. ಅವನ ಉಪಾಯ ಕೇಳಿ: ಸೆನ್ಸರ್ ಕೆಳಗೆ ಒಂದು ಉದ್ದ ನಟ್ ಕೂರಿಸಿ ಹೊಗೆಯಿಂದ ದೂರ ಇಟ್ಟರೆ ಲೈಟ್ ಆರುತ್ತಂತೆ. ಜ್ವರ ಬಂದವನಿಗೆ ಥರ್ಮಾಮೀಟರನ್ನ ತಣ್ಣೀರಲ್ಲಿ ಅದ್ದಿ ತೋರಿಸಿದ ಹಾಗೆ. ನನ್ನ ಹಳೇ ಕ್ಯಾಟ್ ಎಲ್ಲಪ್ಪ ಅಂದ್ರೆ, "ಗುಜರಿಗೆ ಹೋಯ್ತಣ್ಣ."

ಆಮೇಲೆ ಬೇರೆ ಒಬ್ಬ ಮೇಸ್ತ್ರಿ ಹತ್ತಿರ ಹೋದೆ. ವಯಸ್ಸಾದವರು, ಮಾತು ಕಮ್ಮಿ. ಫೋನಿಗೆ ಒಂದು ಸ್ಕ್ಯಾನರ್ ಜೋಡಿಸಿ ನನ್ನ ಕೈಗೇ ಕೊಟ್ಟರು. ಅವತ್ತು ತಿಳ್ಕೊಂಡಿದ್ದು ಇಷ್ಟು. 1 ಕೆಜಿ ಪೆಟ್ರೋಲ್ ಸರಿಯಾಗಿ ಸುಡೋಕೆ ಸುಮಾರು 14.7 ಕೆಜಿ ಗಾಳಿ ಬೇಕು. ಆ ಹದ ಇದೆಯಾ ಅಂತ ಹೊಗೆಯ ಆಮ್ಲಜನಕ ಮೂಸಿ ಹೇಳೋದು ಕ್ಯಾಟ್ ಮುಂದಿರೋ ಸೆನ್ಸರ್. ಅದರ ಮಾತು ಕೇಳಿ ಕಂಪ್ಯೂಟರ್ ಪೆಟ್ರೋಲ್ ಹೆಚ್ಚು ಕಮ್ಮಿ ಮಾಡುತ್ತೆ, ಹಾಗಾಗಿ ಅದರ ಅಂಕಿ 0.1ರಿಂದ 0.9 ವೋಲ್ಟ್ ನಡುವೆ ಉಯ್ಯಾಲೆ ಆಡ್ತಾ ಇರುತ್ತೆ. ಕ್ಯಾಟ್ ದಾಟಿದ ಮೇಲಿರೋ ಸೆನ್ಸರ್ ಕ್ಯಾಟ್ ಕೆಲಸ ಮಾಡ್ತಿದೆಯಾ ಅಂತ ನೋಡೋ ಕಾವಲುಗಾರ. ಅದರ ಅಂಕಿ ಹೆಚ್ಚು ಕಮ್ಮಿ ಒಂದೇ ಕಡೆ ನಿಂತಿರಬೇಕು. ನಂದ್ರಲ್ಲಿ ಎರಡೂ ಉಯ್ಯಾಲೆ ಆಡ್ತಿದ್ವು. ಕ್ಯಾಟೇ ಇಲ್ಲವಲ್ಲ, ಲೈಟ್ ಹತ್ತಿದ್ದು ಅದಕ್ಕೆ.

ಮೈಲೇಜ್ ಕಥೆ ಬೇರೆ. ಮುಂದಿನ ಸೆನ್ಸರಿಗಿಂತ ಮೊದಲೇ ವೆಲ್ಡಿಂಗಲ್ಲಿ ಕೂದಲೆಳೆ ಬಿರುಕು. ಅಲ್ಲಿಂದ ಹೊರಗಿನ ಗಾಳಿ ಒಳಗೆ ಸೇರಿ, ಪೆಟ್ರೋಲ್ ಸಾಲ್ತಿಲ್ಲ ಅಂತ ಸೆನ್ಸರ್ ಸುಳ್ಳು ಹೇಳ್ತಿತ್ತು. ಪಾಪ, ಅದರ ತಪ್ಪಲ್ಲ. ಸೆನ್ಸರೇ ಹೋಗಿದೆ ಅಂತ ಹೊಸದು ಹಾಕಿಸಿದ್ರೂ ಅದೂ ಇದೇ ಸುಳ್ಳು ಹೇಳ್ತಿತ್ತು.

ಇನ್ನು ಕ್ಯಾಟ್. ಒಳಗೆ ಜೇನುಹುಟ್ಟಿನ ಥರ ಪಿಂಗಾಣಿ, ಅದರ ಮೇಲೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪನ. ಗುಜರಿಯವನು ಹುಡುಕಿಕೊಂಡು ಬರೋದು ಇದಕ್ಕೇ. ಸೀಸ ತಗುಲಿದ್ರೆ ಈ ಲೇಪನ ಸತ್ತ ಹಾಗೆ. 2000ನೇ ಇಸವಿಯಿಂದ ದೇಶದ ಎಲ್ಲಾ ಬಂಕಲ್ಲೂ ಸೀಸ ಇಲ್ಲದ ಪೆಟ್ರೋಲ್ ಬಂದಿದ್ದರ ಹಿಂದೆ ಇದೂ ಒಂದು ಕಾರಣ. ನಂದು ಕಟ್ಕೊಂಡಿತ್ತೋ ಇಲ್ಲವೋ ದೇವರಿಗೇ ಗೊತ್ತು. ಮುರಿದಿದ್ದು ಹಿಂದಿನ ಡಬ್ಬಿ. ಮುಂದಿನದನ್ನ ಬಿಚ್ಚಿ ಬೆಳಕಿಗೆ ಹಿಡಿದು ನನಗೆ ಯಾರೂ ತೋರಿಸಲಿಲ್ಲ, ನಾನೂ ಕೇಳಲಿಲ್ಲ. ನಿಜವಾಗಿ ಕರಗಿ ಕಟ್ಕೊಂಡಿದ್ರೂ ಕಾರಣ ಹುಡುಕಬೇಕಿತ್ತು. ಪ್ಲಗ್ ಮಿಸ್ ಹೊಡೆದು ಹಸಿ ಪೆಟ್ರೋಲ್ ಕ್ಯಾಟ್ ಒಳಗೆ ಹೋಗಿ ಉರಿದ್ರೆ ಹೊಸದೂ ಹಾಗೇ ಕರಗುತ್ತೆ.

"ಹಳ್ಳಿ ಗಾಡಿಗೆ ಇದೆಲ್ಲ ಯಾಕೆ, ಇದು ಬೆಂಗಳೂರಿನವರ ಚಿಂತೆ" ಅಂತ ನಮ್ಮೋರೇ ಹೇಳ್ತಾರೆ. ನಾನು ಒಪ್ಪಲ್ಲ. ಆ ಎರಡು ತಿಂಗಳು ನಮ್ಮ ಮನೆಯವಳು ಸಂತೆಯಿಂದ ಬಂದಾಗೆಲ್ಲ ತಲೆನೋವು ಅಂತ ಮಲಗೋಳು. ಬಿಸಿಲು ಅಂದ್ಕೊಂಡ್ವಿ. ಬಾಳೆಗೊನೆ ಉದ್ದ ಇದ್ದಿದ್ದಕ್ಕೆ ಹಿಂದಿನ ಬಾಗಿಲು ಅರ್ಧ ತೆಗೆದೇ ಓಡಿಸ್ತಿದ್ವಿ, ಹಾಗೆ ಓಡಿಸಿದ್ರೆ ಹೊಗೆ ವಾಪಸ್ ಒಳಗೇ ಎಳ್ಕೊಳ್ಳುತ್ತೆ. ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ, ಬಣ್ಣ ಇಲ್ಲ. ಹೊಗೆಯಿಂದಲೇ ತಲೆನೋವು ಅಂತ ಯಾವ ಡಾಕ್ಟರೂ ಬರೆದುಕೊಟ್ಟಿಲ್ಲ. ಆದ್ರೆ ಹೊಸ ಕ್ಯಾಟ್ ಹಾಕಿಸಿದ ಮೇಲೆ, ಬಾಗಿಲು ಮುಚ್ಚಿ ಓಡಿಸೋಕೆ ಶುರು ಮಾಡಿದ ಮೇಲೆ ಅವಳು ಒಂದು ಸಲನೂ ಹಾಗೆ ಮಲಗಿಲ್ಲ. ಅದೇ ಹಿಂದಿನ ಸೀಟಲ್ಲಿ ಪಕ್ಕದ ಮನೆ ಮಕ್ಕಳೂ ಸ್ಕೂಲಿಗೆ ಬರ್ತಾವೆ.

ದುಡ್ಡು ಭಾರವೇ, ಸುಳ್ಳು ಹೇಳಲ್ಲ. ಅದಕ್ಕೇ ಹೇಳ್ತಿರೋದು, ಮುರಿದ ಭಾಗ ಮಾತ್ರ ಬದಲಿಸಿ. ಚೆನ್ನಾಗಿರೋ ಸೆನ್ಸರ್ ಬಿಚ್ಚಿ ಮತ್ತೆ ಅದನ್ನೇ ಹಾಕಬಹುದು. ನಮ್ಮ ಮೇಸ್ತ್ರಿ ಹಿಂದಿನ ರಾತ್ರಿಯೇ ತುಕ್ಕು ಬಿಡೋ ಎಣ್ಣೆ ಬಿಟ್ಟು, ಬೆಳಿಗ್ಗೆ ಇಂಜಿನ್ ಸ್ವಲ್ಪ ಬಿಸಿ ಮಾಡಿ 22ರ ಸ್ಪ್ಯಾನರಲ್ಲಿ ಬಿಚ್ಚಿದ್ರು. ಕೆಳಗೆ ಬಿದ್ರೆ ಒಳಗಿನ ಪಿಂಗಾಣಿ ಒಡೆಯುತ್ತೆ ಅಂತ ಮೊಟ್ಟೆ ಹಿಡಿದ ಹಾಗೆ ಹಿಡ್ಕೊಂಡಿದ್ರು. ಜಾಯಿಂಟಿಗೆ ಸಿಕ್ಕಿದ ಸಿಲಿಕಾನ್ ಪೇಸ್ಟ್ ಬಳಿಯೋಕೆ ಬಿಡಬೇಡಿ, ಅದರ ಆವಿ ಸೆನ್ಸರಿಗೆ ಆಗಲ್ಲ. ವೈರು ಪೈಪಿಗೆ ತಾಗದ ಹಾಗೆ ಕ್ಲಿಪ್ ಹಾಕಿಸಿ. ಏನೇ ಬದಲಿಸಿದ್ರೂ ಹಳೇದನ್ನ ಚೀಲಕ್ಕೆ ಹಾಕಿಸ್ಕೊಂಡು ಮನೆಗೆ ತನ್ನಿ. ಮಾರೋದಾದ್ರೆ ನೀವೇ ಮಾರಿ.

ಇನ್ನೊಂದು. ಹುರುಳಿ ಕಟಾವು ಶುರುವಾಗಿದೆ, ರಸ್ತೆ ತುಂಬಾ ಒಕ್ಕಣೆ. ಓಡ್ತಿರೋ ಕ್ಯಾಟ್ ನೂರಾರು ಡಿಗ್ರಿ ಕಾದಿರುತ್ತೆ, ಕೆಳಗೆ ಬಳ್ಳಿ ಸುತ್ತಿಕೊಂಡ್ರೆ ಹೊತ್ತಿಕೊಳ್ಳೋಕೆ ಹೊತ್ತು ಬೇಡ. ನಮ್ಮ ಹುರುಳಿಯನ್ನ ಈ ವರ್ಷ ಕಣದಲ್ಲೇ ಬಡೀತೀವಿ. ನಾಳೆ ಆಳು ಬರ್ತಾರೆ.