ನಕ್ಷೆಯಲ್ಲಿರುವ ದಾರಿ ನೆಲದ ಮೇಲೂ ಇರಲಿ

ಭಾನುವಾರ ನಸುಕಿನಲ್ಲಿ ಬೆಂಗಳೂರಿನಿಂದ ಹೊರಡುವ ಸೈಕಲ್ ಸವಾರರಿಗೆ ನಂದಿಬೆಟ್ಟದ ರಸ್ತೆ ಬಹುಕಾಲದಿಂದ ಅಚ್ಚುಮೆಚ್ಚು. ಆದರೆ ಈಚಿನ ವರ್ಷಗಳಲ್ಲಿ ಅವರಲ್ಲೊಂದು ವರ್ಗ ಹೆದ್ದಾರಿಯ ವಾಹನಗಳ ಭರಾಟೆಗೆ ಬೇಸತ್ತು ಮಾಗಡಿ, ಕನಕಪುರ, ದೊಡ್ಡಬಳ್ಳಾಪುರಗಳ ಕಡೆಯ ಮಣ್ಣಿನ ಹಾದಿಗಳಿಗೆ ಇಳಿದಿದೆ. ಕೆರೆಯ ಏರಿ, ರಾಗಿ ಹೊಲದ ಅಂಚು, ಊರ ಮುಂದಿನ ಗುಂಡುತೋಪು, ಕುರುಚಲು ಕಾಡಿನ ಸೆರಗು ಇವೇ ಅವರ ಪಥ. ಇದಕ್ಕೆಂದೇ ರೂಪುಗೊಂಡ ಸೈಕಲ್ಲಿಗೆ ‘ಗ್ರಾವೆಲ್ ಬೈಕ್’ ಎಂದು ಹೆಸರು. ನೋಟಕ್ಕೆ ರೇಸಿನ ಸೈಕಲ್ಲಿನಂತೆ ಬಾಗಿದ ಹಿಡಿಕೆ. ಆದರೆ ಟೈರಿನ ಅಗಲ ಸುಮಾರು 40 ಮಿಲಿಮೀಟರ್, ಏರು ಹತ್ತಲು ಹಗುರವಾದ ಗೇರು. ಜಲ್ಲಿ, ಮರಳು, ಗಟ್ಟಿಮಣ್ಣು ಯಾವುದಕ್ಕೂ ಅಂಜದು.

ಇದನ್ನು ಉಳ್ಳವರ ಶೋಕಿಯೆಂದು ತಳ್ಳಿಹಾಕುವುದು ಸುಲಭ. ಇಂಥ ಸೈಕಲ್ಲಿನ ಬೆಲೆ ಎಷ್ಟೋ ಸಣ್ಣ ಹಿಡುವಳಿದಾರರ ಕೈಗೆಟುಕುವಂಥದಲ್ಲ ಎಂಬುದೂ ನಿಜ. ಆದರೂ ಈ ಹವ್ಯಾಸ ತನಗೇ ಅರಿವಿಲ್ಲದಂತೆ ನಮ್ಮ ಗ್ರಾಮಾಡಳಿತದ ಹಳೆಯದೊಂದು ಗಾಯವನ್ನು ಮುಟ್ಟುತ್ತಿದೆ. ಸವಾರನು ಅರಸಿ ಹೋಗುವ ಹಾದಿಗಳು ಯಾರೋ ಹೊಸದಾಗಿ ಮಾಡಿಕೊಟ್ಟವಲ್ಲ. ಅವು ನಮ್ಮ ಗ್ರಾಮ ನಕ್ಷೆಗಳಲ್ಲಿ ತಲೆಮಾರುಗಳಿಂದ ದಾಖಲಾಗಿರುವ ಬಂಡಿದಾರಿಗಳು ಮತ್ತು ಕಾಲುದಾರಿಗಳು. ದಾಖಲೆಯಲ್ಲಿ ಅವು ಇನ್ನೂ ಇವೆ. ನೆಲದ ಮೇಲೆ ದಿನೇ ದಿನೇ ಮಾಯವಾಗುತ್ತಿವೆ.

ತಾಲ್ಲೂಕು ಆಡಳಿತದಲ್ಲಿದ್ದ ದಿನಗಳಲ್ಲಿ ನನ್ನ ಮೇಜಿಗೆ ‘ಹೊಲಕ್ಕೆ ದಾರಿ ಬಿಡಿಸಿಕೊಡಿ’ ಎಂಬ ಅರ್ಜಿ ಬಾರದ ವಾರ ಇರಲಿಲ್ಲ. ಅವುಗಳಲ್ಲೊಂದು ಇಂದಿಗೂ ನೆನಪಿದೆ. ಪಕ್ಕದ ಜಮೀನಿನವರು ಬಂಡಿದಾರಿಯನ್ನು ಉತ್ತು ಸೇರಿಸಿಕೊಂಡಿದ್ದರಿಂದ, ವಯಸ್ಸಾದ ರೈತರೊಬ್ಬರು ಕಟಾವಾದ ರಾಗಿಯನ್ನು ಮನೆಮಂದಿಯೊಡನೆ ತಲೆಹೊರೆಯಲ್ಲಿ ಸಾಗಿಸಿದ್ದರು. ನಕ್ಷೆಯಲ್ಲಿ ದಾರಿ ಸ್ಪಷ್ಟವಾಗಿತ್ತು. ಭೂಮಾಪಕರು ಅಳೆದು ಕಲ್ಲು ನೆಟ್ಟು ಬಂದರು. ನಾನು ಕಡತದ ಮೇಲೆ ‘ಇತ್ಯರ್ಥವಾಗಿದೆ’ ಎಂದು ಬರೆದೆ. ಮರುವರ್ಷದ ಉಳುಮೆಯಲ್ಲಿ ಕಲ್ಲೂ ಇಲ್ಲ, ದಾರಿಯೂ ಇಲ್ಲ. ಅದೇ ರೈತರು ಮತ್ತೆ ಅರ್ಜಿ ಹಿಡಿದು ಬಂದಾಗಲೇ ನನಗೆ ಅದು ತಿಳಿದದ್ದು. ನಾಲ್ಕು ಜನ ಓಡಾಡದ ದಾರಿಯನ್ನು ಕಡತವೊಂದೇ ಕಾಯಲಾರದು ಎಂಬುದು ಅಂದು ನಾನು ಕಲಿತ ಪಾಠ.

ಕಾನೂನಿನಲ್ಲಿ ಗೊಂದಲವೇನೂ ಇಲ್ಲ. ಸಾರ್ವಜನಿಕ ರಸ್ತೆ, ಓಣಿ, ಹಾದಿಗಳೆಲ್ಲ ಸರ್ಕಾರದ ಸ್ವತ್ತು ಎಂದು 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 67ನೇ ಕಲಂ ಹೇಳುತ್ತದೆ. ಸರ್ವೆ ನಂಬರಿನೊಳಗೆ ಹಾದುಹೋಗುವ ದಾರಿಯನ್ನು ‘ಬಿ’ ಖರಾಬು ಎಂದು, ಅಂದರೆ ಸಾರ್ವಜನಿಕ ಬಳಕೆಗೆ ಮೀಸಲೆಂದು, ಪ್ರತ್ಯೇಕವಾಗಿ ತೋರಿಸುವ ಪದ್ಧತಿಯಿದೆ. ಅಂಥ ಹಾದಿಯ ಮೇಲಿನ ಸಾರ್ವಜನಿಕರ ಹಕ್ಕನ್ನು ರದ್ದುಪಡಿಸಬೇಕಾದರೂ ಅದಕ್ಕೊಂದು ವಿಧಿಬದ್ಧ ಕ್ರಮವಿದೆ. ವಾಸ್ತವದಲ್ಲಿ ನಡೆಯುವುದು ಬೇರೆ. ನಗರದ ಅಂಚಿನಲ್ಲಿ ಬಡಾವಣೆಯ ಕಾಂಪೌಂಡು ಏಳುತ್ತದೆ, ತೋಟದ ಮನೆಯ ಗೇಟು ಬೀಳುತ್ತದೆ, ಹಿಂದಿನ ಹೊಲದವನ ದಾರಿ ಮುಚ್ಚುತ್ತದೆ. ದಾರಿಯಿಲ್ಲದ ಹೊಲಕ್ಕೆ ಬೆಲೆಯಿಲ್ಲ. ಕೊನೆಗೆ ಅದು ದಾರಿ ಮುಚ್ಚಿದವರಿಗೇ, ಅವರು ಹೇಳಿದ ದರಕ್ಕೇ ಹೋಗುತ್ತದೆ. ಅರ್ಥಶಾಸ್ತ್ರ ಓದಿದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ: ಸಾರ್ವಜನಿಕ ಸ್ವತ್ತಿನ ಸದ್ದಿಲ್ಲದ ಖಾಸಗೀಕರಣವಿದು.

ಇತರ ದೇಶಗಳ ಅನುಭವ ಇಲ್ಲಿ ಪ್ರಸ್ತುತ. ಇಟಲಿಯ ಟಸ್ಕನಿ ಪ್ರಾಂತ್ಯದಲ್ಲಿ ದ್ರಾಕ್ಷಿ ತೋಟಗಳ ನಡುವಿನ ‘ಬಿಳಿ ರಸ್ತೆ’ಗಳು, ಅಂದರೆ ಸುಣ್ಣಕಲ್ಲಿನ ಜಲ್ಲಿ ಹಾದಿಗಳು, ಡಾಂಬರಿನಡಿ ಮುಚ್ಚಿಹೋಗುತ್ತಿದ್ದವು. ಅವುಗಳನ್ನು ಉಳಿಸಬೇಕೆಂಬ ಆಶಯದಿಂದಲೇ 1997ರಲ್ಲಿ ಗಾಯೊಲೆ ಎಂಬ ಸಣ್ಣ ಊರಿನಲ್ಲಿ ‘ಲೆರೊಯಿಕಾ’ ಎಂಬ ಸೈಕಲ್ ಯಾತ್ರೆ ಆರಂಭವಾಯಿತು. ಮೊದಲ ವರ್ಷ ನೂರು ಸವಾರರೂ ಇರಲಿಲ್ಲ. ಇಂದು ಅಲ್ಲಿಗೆ ಸಾವಿರಾರು ಮಂದಿ ಬರುತ್ತಾರೆ. ಆ ರಸ್ತೆಗಳೇ ಆ ಸೀಮೆಯ ಹೆಮ್ಮೆಯಾಗಿವೆ. ಅಮೆರಿಕದ ಕಾನ್ಸಸ್‌ನಲ್ಲಿ 2006ರಲ್ಲಿ ಕೇವಲ 34 ಜನರಿಂದ ಮೊದಲಾದ ಜಲ್ಲಿ ಹಾದಿಯ ಸ್ಪರ್ಧೆ ಎಂಪೋರಿಯಾ ಎಂಬ ಸಾಧಾರಣ ಪಟ್ಟಣವನ್ನು ಸೈಕಲ್ ಲೋಕದ ಯಾತ್ರಾಸ್ಥಳವಾಗಿಸಿದೆ.

ಇಂಗ್ಲೆಂಡಿನ ಮಾರ್ಗ ಇನ್ನೂ ವ್ಯವಸ್ಥಿತವಾದುದು. 1949ರ ಕಾಯ್ದೆಯೊಂದು ಪ್ರತಿ ಕೌಂಟಿಯೂ ಸಾರ್ವಜನಿಕ ಹಾದಿಗಳ ಅಧಿಕೃತ ನಕ್ಷೆ ತಯಾರಿಸಬೇಕೆಂದು ವಿಧಿಸಿತು. 1968ರ ಕಾಯ್ದೆಯು ಕುದುರೆ ಹಾದಿಗಳಲ್ಲಿ ಸೈಕಲ್ಲಿಗೂ ಅವಕಾಶ ಕೊಟ್ಟಿತು. ಆದರೆ ಪಾದಚಾರಿಗೂ ಕುದುರೆ ಸವಾರನಿಗೂ ಸೈಕಲ್ಲಿನವನು ದಾರಿ ಬಿಡಬೇಕೆಂಬ ಷರತ್ತಿನೊಂದಿಗೆ. ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಇಂಥ ಸಾರ್ವಜನಿಕ ಹಾದಿಗಳ ಒಟ್ಟು ಉದ್ದ ಸುಮಾರು 2.25 ಲಕ್ಷ ಕಿಲೋಮೀಟರ್. ಹೆಚ್ಚಿನವು ಖಾಸಗಿ ಜಮೀನಿನಲ್ಲೇ ಹಾದುಹೋಗುತ್ತವೆ. ಜಮೀನು ಒಡೆಯನದು, ನಡೆಯುವ ಹಕ್ಕು ಎಲ್ಲರದು. ಪ್ರತಿ ತಿರುವಿನಲ್ಲೊಂದು ಕೈಕಂಬವಿದ್ದರೆ ಅಪರಿಚಿತನಿಗೂ ದಾರಿ ತಿಳಿಯುತ್ತದೆ, ಅತಿಕ್ರಮಿಸುವವನಿಗೂ ಎಚ್ಚರವಿರುತ್ತದೆ.

ನಮ್ಮಲ್ಲಿ ನಕ್ಷೆ ಈಗಾಗಲೇ ಸಿದ್ಧವಿದೆ ಎಂಬುದೇ ನಮಗಿರುವ ಅನುಕೂಲ. ಗ್ರಾಮ ನಕ್ಷೆಗಳು ಕಂದಾಯ ಇಲಾಖೆಯ ಜಾಲತಾಣದಲ್ಲಿ ಸಿಗುತ್ತವೆ. 2018ರಲ್ಲಿ ಬಂದ ‘ದಿಶಾಂಕ್’ ಆ್ಯಪ್ ನಿಂತ ನೆಲದ ಸರ್ವೆ ನಂಬರನ್ನು ಮೊಬೈಲಿನಲ್ಲೇ ತೋರಿಸುತ್ತದೆ. ಉಳಿದಿರುವುದು ದಾರಿಗಳನ್ನು ಗುರುತಿಸಿ, ತೆರವುಗೊಳಿಸಿ, ಫಲಕ ನೆಡುವ ಕೆಲಸ. ಇದಕ್ಕೆ ಕೋಟಿಗಳ ಯೋಜನೆ ಬೇಕಿಲ್ಲ. ಡಾಂಬರಂತೂ ಬೇಡವೇ ಬೇಡ: ಅದು ಬಂದರೆ ಲಾರಿ ಬರುತ್ತದೆ, ಲಾರಿಯ ಹಿಂದೆ ನಿವೇಶನದ ದಲ್ಲಾಳಿ ಬರುತ್ತಾನೆ. ತಗ್ಗಿಗೆ ಒಂದಿಷ್ಟು ಗರಸು, ಮಳೆನೀರು ಹರಿಯಲು ಪಕ್ಕದಲ್ಲೊಂದು ಚರಂಡಿ, ಹಳ್ಳಕ್ಕೊಂದು ಮೋರಿ. ಇಷ್ಟು ಪಂಚಾಯಿತಿಯ ಅಳವಿನಲ್ಲೇ ಇದೆ. ಒಂದೆರಡು ತಾಲ್ಲೂಕುಗಳಲ್ಲಿ ಪ್ರಯೋಗವಾಗಿ ಆರಂಭಿಸಿ, ತೆರವಾದ ದಾರಿಯ ಪಟ್ಟಿಯನ್ನು ಪ್ರತಿವರ್ಷ ಗ್ರಾಮಸಭೆಯ ಮುಂದಿಡುವುದು ಕಷ್ಟವೇನಲ್ಲ.

ಸವಾರರಿಗೂ ಒಂದು ಮಾತು. ಕಾಡಿನ ಸೆರಗಿನಲ್ಲಿ ಸಾಗುವುದು ಬೇರೆ, ಕಾಡಿನೊಳಕ್ಕೆ ನುಗ್ಗುವುದು ಬೇರೆ. ಮೀಸಲು ಅರಣ್ಯಕ್ಕೆ ಅನುಮತಿಯಿಲ್ಲದೆ ಪ್ರವೇಶಿಸುವುದು ಅಪರಾಧ. ಬನ್ನೇರುಘಟ್ಟ, ಕನಕಪುರದ ಕಡೆ ಮುಂಜಾನೆಯ ಹೊತ್ತು ಆನೆಗಳು ಓಡಾಡುವ ಹೊತ್ತೂ ಹೌದು. ಕಣದಲ್ಲಿ ರಾಗಿ ಹರಡಿದ್ದರೆ ಇಳಿದು ತಳ್ಳಿಕೊಂಡು ಹೋಗಬೇಕು, ಎದುರಿಗೆ ಕುರಿಮಂದೆ ಬಂದರೆ ನಿಲ್ಲಬೇಕು, ಪ್ಲಾಸ್ಟಿಕ್ ಪೊಟ್ಟಣ ಮನೆಗೆ ಮರಳಬೇಕು. ಆ ದಾರಿ ಮೊದಲು ಹೊಲಕ್ಕೆ ಹೋಗುವವರದು. ನಾವು ಅದರ ಅತಿಥಿಗಳು.

ಆದರೆ ಅತಿಥಿಗೂ ಒಂದು ಬಲವಿದೆ. ದಾರಿ ಮುಚ್ಚಿದೆ ಎಂದು ಹಳ್ಳಿಯ ರೈತ ಬರೆದ ಅರ್ಜಿ ವರ್ಷಗಟ್ಟಲೆ ಕಡತದಲ್ಲಿ ಮಲಗಬಹುದು. ಅದೇ ದಾರಿಯಲ್ಲಿ ವಾರವಾರವೂ ಓಡಾಡುವ, ಓದು ಬರಹ ಬಲ್ಲ, ಕಚೇರಿಗಳ ಭಾಷೆ ಅರಿತ ನೂರು ಮಂದಿ ಆ ಅರ್ಜಿಗೆ ದನಿಗೂಡಿಸಿದರೆ ಆಡಳಿತ ಕಣ್ಣು ತೆರೆಯಲೇಬೇಕು. ಮುಂದಿನ ಭಾನುವಾರ ಹೊರಡುವಾಗ ಸವಾರರು ನೀರಿನ ಬಾಟಲಿಯ ಜೊತೆಗೆ ಆ ಊರಿನ ಗ್ರಾಮ ನಕ್ಷೆಯನ್ನೂ ಒಯ್ಯಲಿ. ದಾರಿ ಎಲ್ಲಿ ತುಂಡಾಗಿದೆಯೋ ಅಲ್ಲಿ ಇಳಿದು, ಹತ್ತಿರದ ಹೊಲದವರನ್ನು ಮಾತನಾಡಿಸಲಿ.